ಸಂಪಾದಕರ ಉತ್ತರ: ನಿಮ್ಮ ಮಗ ದಾರಿ ತಪ್ಪಿಲ್ಲ

ಪತ್ರ: “ನನ್ನ ಮಗ ರಸಾಯನಶಾಸ್ತ್ರದಲ್ಲಿ ಪದವಿ ಮಾಡಿದ. ಲ್ಯಾಬ್ ಕೆಲಸ ಸಿಗಲಿಲ್ಲ. ಗೆಳೆಯ ಕರೆದ ಅಂತ ಗೃಹಸಾಲ ಕೊಡುವ ಕಂಪನಿಗೆ ಸೇರಿದ. ಸುಮ್ನೆ ಸ್ವಲ್ಪ ದಿನ ಅಂದವನು ಈಗ ಅಲ್ಲೇ ಉಳಿಯುತ್ತೇನೆ ಅನ್ನುತ್ತಿದ್ದಾನೆ. ಬೇರೆ ಯಾವುದೂ ಸಿಗದವರು ಹೋಗಿ ಸೇರುವ ಜಾಗ ಅದು, ಅಲ್ಲವೇ? ಮನೆ ಅಡ ಇಟ್ಟುಕೊಂಡು ಸಾಲ ಕೊಡುವವನಾಗುತ್ತೇನೆ ಅಂತ ಯಾವ ಮಗುವಾದರೂ ಹೇಳಿದ್ದುಂಟೇ? ಅವನನ್ನು ಅಲ್ಲಿಂದ ಬಿಡಿಸಲೇ?” — ಒಬ್ಬ ನಿವೃತ್ತ ಶಿಕ್ಷಕಿ

ಮೇಡಂ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಬಿಡಿಸಬೇಡಿ.

ಯಾವ ಮಗುವೂ ಹಾಗೆ ಹೇಳುವುದಿಲ್ಲ, ನಿಜ. ಆದರೆ ಈ ಉದ್ಯಮವನ್ನು ಕಟ್ಟಿದವರೂ ಹಾಗೆ ಹೇಳಿಕೊಂಡು ಬೆಳೆದವರಲ್ಲ. 1775ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರಿಚರ್ಡ್ ಕೆಟ್ಲಿ ಎಂಬಾತ ಇದ್ದ. ಗೋಲ್ಡನ್ ಕ್ರಾಸ್ ಎಂಬ ಪಬ್ ನಡೆಸುತ್ತಿದ್ದ. ಅಲ್ಲಿ ಸೇರುತ್ತಿದ್ದವರು ತಿಂಗಳಿಗಿಷ್ಟು ಅಂತ ದುಡ್ಡು ಹಾಕಿ, ಆ ಹಣದಿಂದ ಒಬ್ಬರಾದ ಮೇಲೆ ಒಬ್ಬರು ಮನೆ ಮಾಡಿಕೊಂಡರು. ಗೊತ್ತಿರುವ ಮಟ್ಟಿಗೆ ಅದೇ ಮೊದಲ ಬಿಲ್ಡಿಂಗ್ ಸೊಸೈಟಿ. ಗೃಹಸಾಲದ ಚರಿತ್ರೆಯ ಆರಂಭದಲ್ಲಿ ಇರುವುದು ಬ್ಯಾಂಕರ್ ಅಲ್ಲ, ಪಬ್ ಮಾಲೀಕ.

ಅಮೇಡಿಯೋ ಜಿಯಾನಿನಿಯ ಕಥೆ ಇನ್ನೂ ಚೆನ್ನಾಗಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಲತಂದೆಯ ಜೊತೆ ಹಣ್ಣು, ತರಕಾರಿಯ ಸಗಟು ವ್ಯಾಪಾರ ಮಾಡುತ್ತಿದ್ದವನು. ಚೆನ್ನಾಗಿ ಸಂಪಾದಿಸಿ, ಮೂವತ್ತೊಂದರ ವಯಸ್ಸಿಗೇ ಸಾಕು ಅಂತ ವ್ಯಾಪಾರ ಬಿಟ್ಟ. ಅಷ್ಟರಲ್ಲಿ ಮಾವ ತೀರಿಕೊಂಡರು. ಅವರ ಆಸ್ತಿ ನೋಡಿಕೊಳ್ಳಲು ಹೋದವನಿಗೆ ಒಂದು ಸಣ್ಣ ಬ್ಯಾಂಕಿನ ನಿರ್ದೇಶಕ ಮಂಡಳಿಯ ಕುರ್ಚಿಯೂ ಸಿಕ್ಕಿತು. ಬಡ ವಲಸಿಗರಿಗೂ ಸಾಲ ಕೊಡೋಣ ಅಂದ. ಉಳಿದವರು ಒಪ್ಪಲಿಲ್ಲ. ಜಗಳ ಮಾಡಿಕೊಂಡು ಹೊರಬಂದು 1904ರಲ್ಲಿ ಬ್ಯಾಂಕ್ ಆಫ್ ಇಟಲಿ ತೆರೆದ. 1906ರ ಭೂಕಂಪದಲ್ಲಿ ಊರೇ ಸುಟ್ಟಾಗ, ಪೀಪಾಯಿಗಳ ಮೇಲೆ ಹಲಗೆ ಹಾಕಿಕೊಂಡು ಕೂತು, ಮನೆ ಮತ್ತೆ ಕಟ್ಟುವವರಿಗೆ ಸಾಲ ಕೊಟ್ಟ. ಆ ಬ್ಯಾಂಕೇ ಮುಂದೆ ಬ್ಯಾಂಕ್ ಆಫ್ ಅಮೆರಿಕ ಆಯಿತು. ಮಾವ ಇನ್ನಷ್ಟು ವರ್ಷ ಬದುಕಿದ್ದರೆ ಜಿಯಾನಿನಿ ಈ ಕಡೆ ತಲೆ ಹಾಕುತ್ತಿದ್ದನೋ ಇಲ್ಲವೋ!

ಎಚ್.ಟಿ. ಪಾರೇಖ್ ಅವರನ್ನೇ ನೋಡಿ. ಐಸಿಐಸಿಐಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ಮೇಲೆ, 1977ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ ಎಚ್‌ಡಿಎಫ್‌ಸಿ ಎಂಬ ಗೃಹಸಾಲ ಕಂಪನಿ ಶುರು ಮಾಡಿದರು. ಮೊದಲು ಷೇರು ದಲ್ಲಾಳಿ ಸಂಸ್ಥೆಯಲ್ಲಿ, ಆಮೇಲೆ ಕಾರ್ಖಾನೆಗಳಿಗೆ ಸಾಲ ಕೊಡುವುದರಲ್ಲಿ ಕೆಲಸದ ಬದುಕು ಕಳೆದವರು ಮನೆ ಸಾಲಕ್ಕೆ ಕೈ ಹಾಕಿದ್ದು ಆಗ.

ನಿಮ್ಮ ಮಾತಿನಲ್ಲೂ ಸತ್ಯ ಇದೆ, ಅದನ್ನು ಒಪ್ಪುತ್ತೇನೆ. 2008ರ ಆರ್ಥಿಕ ಕುಸಿತಕ್ಕೆ ಮುಂಚೆ ಅಮೆರಿಕದಲ್ಲಿ ಬೇರೆ ಬೇರೆ ಕೆಲಸಗಳಲ್ಲಿದ್ದವರು ಸಾಲು ಸಾಲಾಗಿ ಬಂದು ಗೃಹಸಾಲ ಮಾರಿದರು. ಎಷ್ಟೋ ರಾಜ್ಯಗಳಲ್ಲಿ ಅದಕ್ಕೊಂದು ಲೈಸೆನ್ಸ್ ಕೂಡ ಬೇಕಿರಲಿಲ್ಲ. ಆದಾಯದ ಕಾಗದ ಕೇಳದೆ ಸಾಲ ಕೊಟ್ಟರು. ಕಂಟ್ರಿವೈಡ್ ಎಂಬ ಗೃಹಸಾಲ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಆಂಜೆಲೊ ಮೊಜಿಲೊ ಮಾಂಸದಂಗಡಿಯವರ ಮಗ. ಹದಿನಾಲ್ಕನೇ ವಯಸ್ಸಿಗೆ ಒಂದು ಗೃಹಸಾಲ ಕಂಪನಿಯಲ್ಲಿ ಕಾಗದ ತಲುಪಿಸುವ ಹುಡುಗನಾಗಿ ಸೇರಿದವರು. ಕೊನೆಗೆ ಅವರ ಹೆಸರು ಆ ಕುಸಿತದ ಜೊತೆ ಅಂಟಿಕೊಂಡಿತು. 2010ರಲ್ಲಿ ಅವರ ಮೇಲಿದ್ದ ಸರ್ಕಾರಿ ಮೊಕದ್ದಮೆ 6.75 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಆಕಸ್ಮಿಕವಾಗಿ ಬಂದವರೆಲ್ಲ ಜಿಯಾನಿನಿ ಆಗುವುದಿಲ್ಲ.

ಆದರೆ “ಬೇರೆ ಯಾವುದೂ ಸಿಗದವರು” ಅಂದಿರಲ್ಲ, ಅದು ನನಗೆ ನೋವು ಕೊಟ್ಟಿತು. ಈ ಕೆಲಸದಲ್ಲಿರುವ ಕೆಲವರನ್ನು ನಾನು ಹತ್ತಿರದಿಂದ ಬಲ್ಲೆ. ಒಬ್ಬರು ಮೊಬೈಲ್ ಕನೆಕ್ಷನ್ ಮಾರುತ್ತಿದ್ದರು. ಇನ್ನೊಬ್ಬರು ಕಾಲ್ ಸೆಂಟರ್‌ನಲ್ಲಿದ್ದರು, ರಾತ್ರಿ ಪಾಳಿ ಸಾಕಾಗಿ ಬಂದರು. ಮತ್ತೊಬ್ಬ ಹೆಣ್ಣುಮಗಳು ತನ್ನದೇ ಮನೆ ಸಾಲಕ್ಕೆ ಅಲೆದು ಅಲೆದು, ಪ್ರತಿ ಕಾಗದವೂ ಯಾಕೆ ಬೇಕು ಅಂತ ಕಲಿತು, ಕೊನೆಗೆ ಸಾಲ ಕೊಟ್ಟ ಶಾಖೆಯಲ್ಲೇ ಕೆಲಸ ಕೇಳಿ ಸೇರಿದಳು. ಅವಳ ಮುಂದೆ ಕೂತ ಗಿರಾಕಿಗೆ ಅರ್ಜಿ ತುಂಬುವ ಭಯ ಅರ್ಧ ಅಲ್ಲೇ ಹೋಗುತ್ತದೆ. ಚಿಕ್ಕಂದಿನಿಂದ ಇದೇ ಗುರಿ ಇಟ್ಟುಕೊಂಡವರು ಯಾರಾದರೂ ಇದ್ದರೆ ಅವರಿಗೆ ಅದು ಬರುತ್ತಿತ್ತಾ?

ಹೊರಗಿನವರ ಕಣ್ಣಿಗೆ ಬೀಳುವುದು ಫೋನ್ ಮಾಡಿ ಪೀಡಿಸುವ ಮಾರಾಟದ ಹುಡುಗ ಮಾತ್ರ. ಅವನ ಹಿಂದೆ ಎಷ್ಟು ಜನ ಇರುತ್ತಾರೆ ಗೊತ್ತಾ? ಫೈಲ್ ಜೋಡಿಸುವವರು. ಮನೆಯ ಬೆಲೆ ಕಟ್ಟುವವರು. ಹಳೆಯ ಕ್ರಯಪತ್ರಗಳನ್ನು ಒಂದೊಂದಾಗಿ ಓದಿ, ಈ ಮನೆ ನಿಜಕ್ಕೂ ಮಾರುವವನದ್ದೇನಾ, ಇದರ ಮೇಲೆ ಬೇರೆ ಋಣಭಾರ ಇದೆಯಾ ಅಂತ ನೋಡುವವರು. ಕೊನೆಗೆ ಅಂಡರ್‌ರೈಟರ್ ಕೂರುತ್ತಾರೆ. ಈ ಕುಟುಂಬ ಕಂತು ಕಟ್ಟಿ, ಊಟ ಮಾಡಿ, ಮಕ್ಕಳನ್ನೂ ಓದಿಸಬಲ್ಲದಾ ಅಂತ ಲೆಕ್ಕ ಹಾಕುವುದು ಅವರ ಕೆಲಸ. ಒಳ್ಳೆಯ ಅಂಡರ್‌ರೈಟರ್ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ಕಾಗದ ಮೂರನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಮೂರೂ ಒಂದೇ ಮಾತು ಹೇಳಬೇಕು. ಹೇಳದಿದ್ದರೆ ಫೈಲ್ ವಾಪಸ್. ಲ್ಯಾಬ್‌ನಲ್ಲಿ ಲೆಕ್ಕ ಕೂಡದಿದ್ದಾಗ ಪರೀಕ್ಷೆಯನ್ನು ಮತ್ತೆ ಮಾಡಿದ ಹುಡುಗನಿಗೆ ಈ ಕೆಲಸ ಒಗ್ಗುವುದಿಲ್ಲ ಅಂತ ನಿಮಗೆ ಯಾಕನ್ನಿಸಿತು? ನೀವೇ ಶಿಕ್ಷಕಿ. ನಿಧಾನವಾಗಿ ಓದುವ ಹುಡುಗರನ್ನು ನೀವು ಕಂಡಿರುತ್ತೀರಿ.

ಈ ಕೆಲಸಕ್ಕೆ ಜನ ಹೀಗೆ ದಾರಿಹೋಕರಂತೆ ಬರುವುದಕ್ಕೆ ಕಾರಣವೂ ಇದೆ. ಬಡ್ಡಿ ಇಳಿದರೆ ಸಾಲ ಕೇಳುವವರು ಜಾಸ್ತಿ ಆಗುತ್ತಾರೆ, ಹಳೆಯ ಸಾಲ ತೀರಿಸಿ ಅಗ್ಗದ ಹೊಸ ಸಾಲ ತೆಗೆಯುವವರೂ ಸಾಲುಗಟ್ಟುತ್ತಾರೆ. ಕಂಪನಿಗಳು ಸಿಕ್ಕವರನ್ನೆಲ್ಲ ಸೇರಿಸಿಕೊಳ್ಳುತ್ತವೆ. ಬಡ್ಡಿ ಏರಿದರೆ ಅದೇ ಜನ ಬೀದಿಗೆ. ಅಮೆರಿಕದಲ್ಲಿ 30 ವರ್ಷದ ಗೃಹಸಾಲದ ಬಡ್ಡಿ 2021ರ ಜನವರಿಯಲ್ಲಿ ಶೇ 3ಕ್ಕಿಂತ ಕೆಳಗಿತ್ತು. 2022ರ ಅಕ್ಟೋಬರ್ ಹೊತ್ತಿಗೆ ಶೇ 7 ದಾಟಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಬಡ್ಡಿ ಅಷ್ಟು ಏರುವುದಕ್ಕೂ ಮುಂಚೆಯೇ, 2021ರ ಡಿಸೆಂಬರ್‌ನಲ್ಲಿ, ಬೆಟರ್ ಡಾಟ್ ಕಾಮ್ ಎಂಬ ಗೃಹಸಾಲ ಕಂಪನಿ ಸುಮಾರು 900 ಜನರನ್ನು ಒಂದೇ ಝೂಮ್ ಕರೆಯಲ್ಲಿ ಮನೆಗೆ ಕಳಿಸಿತು. ಬಂದವರ ಬಗ್ಗೆ ನಾವು ಹಗುರವಾಗಿ ಮಾತಾಡುತ್ತೇವೆ. ಹೀಗೆ ಕರೆದು ಹೀಗೆ ಕಳಿಸುವವರ ಬಗ್ಗೆ ಯಾರೂ ಪತ್ರ ಬರೆಯುವುದಿಲ್ಲ.

ನನ್ನ ಸಿಟ್ಟು ಇರುವುದು ಅಲ್ಲಿ. ಬಂದವನು ಎಲ್ಲಿಂದ ಬಂದ ಅನ್ನುವುದು ಮುಖ್ಯವೇ ಅಲ್ಲ. ಬಂದ ಮೇಲೆ ಕಂಪನಿ ಅವನಿಗೆ ಏನು ಕಲಿಸಿತು, ಯಾವುದಕ್ಕೆ ದುಡ್ಡು ಕೊಟ್ಟಿತು? ಕುಸಿತಕ್ಕೆ ಮುಂಚೆ ಅಮೆರಿಕದ ಬ್ರೋಕರ್‌ಗೆ, ಗಿರಾಕಿಗೆ ಜಾಸ್ತಿ ಬಡ್ಡಿಯ ಸಾಲ ಅಂಟಿಸಿದರೆ ಜಾಸ್ತಿ ಕಮಿಷನ್ ಸಿಗುತ್ತಿತ್ತು. ದೇವರಂಥವನನ್ನು ಆ ಕುರ್ಚಿಯಲ್ಲಿ ಕೂರಿಸಿದರೂ ಆರು ತಿಂಗಳಲ್ಲಿ ಕೆಡುತ್ತಾನೆ. ಆ ಪದ್ಧತಿಗೆ ತಡೆ ಬಿದ್ದದ್ದು 2011ರಲ್ಲಿ. 2008ರ ಕಾನೂನೊಂದು, ಬ್ಯಾಂಕಿನ ಹೊರಗೆ ಗೃಹಸಾಲ ಮಾಡಿಸುವವರು ಲೈಸೆನ್ಸ್‌ಗೆ ಮುಂಚೆ ಕನಿಷ್ಠ 20 ಗಂಟೆ ಪಾಠ ಕೇಳಿ, ಪರೀಕ್ಷೆಯಲ್ಲಿ ಶೇ 75 ಅಂಕ ತೆಗೆಯಬೇಕು ಅಂತ ಮಾಡಿತು. ಇಪ್ಪತ್ತು ಗಂಟೆ ಏನೇನೂ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಒಂದು ಕುಟುಂಬ ತನ್ನ ಬದುಕಿನ ಅತಿ ದೊಡ್ಡ ಸಾಲ ಮಾಡುವಾಗ ಎದುರಿಗೆ ಕೂರುವವನಿಗೆ ಅಷ್ಟೇ ಸಾಕಾ?

ಇನ್ನು ಶಾಲೆಗಳ ವಿಷಯ. ನೀವು ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಹೇಳಲೇಬೇಕು. ಚಕ್ರಬಡ್ಡಿಯ ಸೂತ್ರವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಒಂದು ಲಕ್ಷ ಸಾಲವನ್ನು ಶೇ 9ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ಕಂತು ಎಷ್ಟು ಅಂತ ಯಾರೂ ಹೇಳಿಕೊಡುವುದಿಲ್ಲ. ತಿಂಗಳಿಗೆ ಸುಮಾರು 900. ಮೊದಲ ಕಂತಿನಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 150. ಇಪ್ಪತ್ತು ವರ್ಷ ಮುಗಿಯುವಾಗ ಕಟ್ಟಿದ್ದು ಎರಡು ಲಕ್ಷ ಹದಿನಾರು ಸಾವಿರದ ಹತ್ತಿರ. ಇದು ಗೊತ್ತಿಲ್ಲದೆ ಗಿರಾಕಿ ಸಹಿ ಹಾಕುತ್ತಾನೆ. ಎಷ್ಟೋ ಸಲ ಸಹಿ ಹಾಕಿಸಿಕೊಳ್ಳುವವನಿಗೂ ಗೊತ್ತಿರುವುದಿಲ್ಲ. ಡಾಕ್ಟರು, ಎಂಜಿನಿಯರು ಅಂತ ಕನಸು ಕಟ್ಟಿಕೊಟ್ಟು, ಉಳಿದ ಕೆಲಸಗಳೆಲ್ಲ ಸೋತವರದ್ದು ಅನ್ನುವ ಭಾವನೆ ಬೆಳೆಸಿದವರೂ ನಾವೇ ಅಲ್ವಾ? ನಿಮ್ಮ ಮಗ ಸೋತಿಲ್ಲ. ಸೋತ ಅಂತ ಅವನಿಗೆ ಅನ್ನಿಸುತ್ತಿದ್ದರೆ ಅದು ಮನೆಯಿಂದಲೇ ಬಂದಿರಬೇಕು.

ಈಗ ಮಾಡಬೇಕಾದ್ದು ಇಷ್ಟು. ಅವನನ್ನು ಕೂರಿಸಿಕೊಂಡು ಕೇಳಿ: ನಿನ್ನ ಸಂಬಳದಲ್ಲಿ ಎಷ್ಟು ಭಾಗ ಎಷ್ಟು ಸಾಲ ಮಾಡಿಸಿದೆ ಅನ್ನುವುದರ ಮೇಲೆ ನಿಂತಿದೆ? ಕೊಟ್ಟ ಸಾಲಗಳು ಸರಿಯಾಗಿ ತೀರುತ್ತಿವೆಯಾ ಅಂತ ಯಾರಾದರೂ ನೋಡುತ್ತಾರಾ? ಗಿರಾಕಿಗೆ “ಇಷ್ಟು ಸಾಲ ನಿಮಗೆ ಬೇಡ” ಅಂತ ಹೇಳಿದರೆ ನಿನಗೆ ಬೈಗುಳ ಬರುತ್ತದಾ? ಉತ್ತರ ಕೆಟ್ಟದ್ದಾಗಿದ್ದರೆ, ಮಾರಾಟದ ಕಡೆಯಿಂದ ಕಾಗದ ಪರೀಕ್ಷಿಸುವ ಕಡೆಗೆ ಬದಲಾವಣೆ ಕೇಳಲಿ. ಮೊದಮೊದಲು ಸಂಬಳ ಕಡಿಮೆ ಇರಬಹುದು, ಇರಲಿ. ಅನುಭವಿ ಅಂಡರ್‌ರೈಟರ್ ಒಬ್ಬರ ಪಕ್ಕ ಕೂತು, ಅವರು ವಾಪಸ್ ಕಳಿಸಿದ ಫೈಲ್‌ಗಳನ್ನು ಯಾಕೆ ಕಳಿಸಿದರು ಅಂತ ಕೇಳಿ ಕೇಳಿ ಕಲಿಯಲಿ. ಆ ಕಡೆ ಜಾಗ ಕೊಡುವುದಿಲ್ಲ ಅಂದರೆ ಕಂಪನಿ ಬದಲಾಯಿಸಲಿ. ಕೆಲಸವನ್ನೇ ಬಿಡುವುದು ಬೇಡ.

— ಸಂ.