"ಪರಿಣತರು ನೋಡಿದ್ದಾರೆ" ಅಂದರೆ ಯಾರು ನೋಡಿದ್ದಾರೆ?

ನೀವು ಕೇಳಿದ್ದು ಇಷ್ಟು: ಕಂಪನಿಯಲ್ಲಿ ಕೆಲಸದ ಅರ್ಜಿಗಳನ್ನು ಜರಡಿ ಹಿಡಿಯಲು ಎಐ ತಂದಿದ್ದಾರೆ. "ಇದು ಜವಾಬ್ದಾರಿಯುತ ಎಐ, ಪರಿಣತರು ಪರೀಕ್ಷೆ ಮಾಡಿದ್ದಾರೆ" ಅಂತ ಎಚ್‌ಆರ್‌ನವರು ಹೇಳುತ್ತಾರೆ. ಯಾರು ಈ ಪರಿಣತರು, ಅವರಿಂದ ನಿಜಕ್ಕೂ ಏನಾದರೂ ಬದಲಾಗುತ್ತದಾ?

ಆ ಮಾತನ್ನು ನಾನೂ ಹೇಳಿದವನೇ. ಆರು ವರ್ಷ ನೇಮಕಾತಿ ವಿಭಾಗದಲ್ಲಿದ್ದೆ. ಇಂಥದೇ ಸಾಫ್ಟ್‌ವೇರ್ ಕೊಳ್ಳುವಾಗ ಒಪ್ಪಿಗೆ ಕೊಡಬೇಕಾದ ಸಮಿತಿಯಲ್ಲಿ ನನ್ನ ಹೆಸರಿತ್ತು. ಮಾರುವವರು 40 ಪುಟದ ಪರೀಕ್ಷಾ ವರದಿ ಕೊಟ್ಟರು. ಮೊದಲ ಎರಡು ಪುಟ ಓದಿದೆ. ಕೊನೆಯ ಪುಟದಲ್ಲಿ "ಪಕ್ಷಪಾತ ಕಂಡುಬಂದಿಲ್ಲ" ಅಂತಿತ್ತು. ಸಹಿ ಹಾಕಿದೆ. ಅಲ್ಲಿಗೆ ನಾನೂ ಪರಿಣತನಾದೆ.

ಎಂಟು ತಿಂಗಳಾದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಮಗುವಾದ ಮೇಲೆ ಎರಡು ವರ್ಷ ಮನೆಯಲ್ಲಿದ್ದು, ಮತ್ತೆ ಕೆಲಸಕ್ಕೆ ಅರ್ಜಿ ಹಾಕಿದ್ದರು. ನಮ್ಮಿಂದ ಉತ್ತರವೇ ಹೋಗಿರಲಿಲ್ಲ. ಹುಡುಕಿದರೆ ಅವರ ಅರ್ಜಿ ಪಟ್ಟಿಯ ತಳದಲ್ಲಿತ್ತು. ಜೊತೆಗೆ, ನಡುವೆ ಕೆಲಸ ಬಿಟ್ಟಿದ್ದವರು ಇನ್ನೂ ಎಷ್ಟೋ ಮಂದಿ ಅಲ್ಲೇ ಬಿದ್ದಿದ್ದರು. ಯಂತ್ರಕ್ಕೆ ಯಾರೂ ಹಾಗೆ ಮಾಡು ಅಂತ ಹೇಳಿರಲಿಲ್ಲ. ಹಿಂದೆ ನಾವು ಎಂಥವರನ್ನು ತೆಗೆದುಕೊಂಡಿದ್ದೆವೋ ಅಂಥವರನ್ನೇ ಮೇಲೆ ತಾ ಅಂದಿದ್ದೆವು, ಅಷ್ಟೇ. ನಮ್ಮ ಹಳೆಯ ಚಾಳಿಯನ್ನೇ ಅದು ಕಲಿತಿತ್ತು.

ಇದು ಹೊಸ ಕಥೆಯೇನಲ್ಲ. ಅಮೆಜಾನ್ 2014ರಿಂದ ಇಂಥದೊಂದು ಸಾಫ್ಟ್‌ವೇರ್ ಕಟ್ಟುತ್ತಿತ್ತು. ಹತ್ತು ವರ್ಷದ ಹಳೆಯ ರೆಸ್ಯೂಮೆಗಳನ್ನು ಕೊಟ್ಟು ಕಲಿಸಿದ್ದರು. ಅವುಗಳಲ್ಲಿ ಗಂಡಸರದ್ದೇ ಜಾಸ್ತಿ. "ಮಹಿಳಾ ಚೆಸ್ ಕ್ಲಬ್ ನಾಯಕಿ" ಅಂತ ಬರೆದಿದ್ದರೆ ಅಂಕ ಕಡಿಮೆಯಾಗುತ್ತಿತ್ತು. ತಿದ್ದಲು ನೋಡಿದರು. ಬೇರೆ ದಾರಿಯಿಂದ ಆ ಪಕ್ಷಪಾತ ಮತ್ತೆ ನುಸುಳುವುದಿಲ್ಲ ಅನ್ನುವ ಧೈರ್ಯ ಬರಲಿಲ್ಲ, ಕೈಬಿಟ್ಟರು. 2018ರಲ್ಲಿ ರಾಯಿಟರ್ಸ್ ಇದನ್ನು ಹೊರಗೆ ತಂದಿತು. "ಹೆಣ್ಣು-ಗಂಡು ಅನ್ನುವ ಕಾಲಮ್ ತೆಗೆದುಬಿಟ್ಟಿದ್ದೇವೆ" ಅಂತ ನಿಮ್ಮವರು ಹೇಳಿದರೆ ಸುಮ್ನೆ ತಲೆಯಾಡಿಸಬೇಡಿ. ಓದಿದ ಕಾಲೇಜು, ಕೆಲಸ ಬಿಟ್ಟ ವರ್ಷ, ಬಳಸಿದ ಪದ, ಎಲ್ಲವೂ ಆ ಕಾಲಮ್‌ನ ಕೆಲಸವನ್ನೇ ಮಾಡುತ್ತವೆ.

ಈಗ ಪರಿಣತರ ವಿಷಯ. ನಾನು ಮೊದಲು ಹೆಸರಿಸುವುದು ಅಳೆದು ತೋರಿಸಿದವರನ್ನು. 2018ರಲ್ಲಿ ಜಾಯ್ ಬೂಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಅನ್ನುವ ಇಬ್ಬರು ಎಐ ಸಂಶೋಧಕಿಯರು, ಮುಖ ನೋಡಿ ಹೆಣ್ಣೋ ಗಂಡೋ ಹೇಳುವ ಮೂರು ಸಾಫ್ಟ್‌ವೇರ್‌ಗಳನ್ನು ಪರೀಕ್ಷೆಗೆ ಹಚ್ಚಿದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇ 0.8. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಅದು ಶೇ 34.7ರವರೆಗೂ ಹೋಗಿತ್ತು. ಎಲ್ಲರನ್ನೂ ಸೇರಿಸಿ ಸರಾಸರಿ ಹೇಳಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ನನ್ನ 40 ಪುಟದ ವರದಿಯಲ್ಲೂ ಇದ್ದದ್ದು ಸರಾಸರಿಯೇ.

ಅಳೆಯುವುದು ರಾಕೆಟ್ ವಿಜ್ಞಾನವಲ್ಲ. ಅಮೆರಿಕದಲ್ಲಿ 1978ರಿಂದಲೂ ಐದರಲ್ಲಿ ನಾಲ್ಕು ಪಾಲು ಅನ್ನುವ ಒಂದು ಲೆಕ್ಕ ಇದೆ. ನೂರು ಗಂಡಸರಲ್ಲಿ 50 ಮಂದಿ, ನೂರು ಹೆಂಗಸರಲ್ಲಿ 30 ಮಂದಿ ಆಯ್ಕೆಯಾದರು ಅನ್ನಿ. 30ನ್ನು 50ರಿಂದ ಭಾಗಿಸಿ: 0.6. ಐದರಲ್ಲಿ ನಾಲ್ಕು ಪಾಲು ಅಂದರೆ 0.8. ಇದು ಅದಕ್ಕಿಂತ ಕಡಿಮೆ, ಹಾಗಾಗಿ ಕಾರಣ ಕೇಳಬೇಕು. ಈ ಲೆಕ್ಕ ಹಾಕಲು ಕ್ಯಾಲ್ಕುಲೇಟರ್ ಸಾಕು. ಪಾಸಾದರೆ ಎಲ್ಲ ಸರಿ ಅಂತೇನೂ ಅಲ್ಲ.

ಕಾನೂನು ಬರೆಯುವವರೂ ಪರಿಣತರೇ, ಅಲ್ವಾ? ಇಂಥ ಸಾಧನಗಳಿಗೆ ವರ್ಷಕ್ಕೊಮ್ಮೆ ಹೊರಗಿನವರಿಂದ ಆಡಿಟ್ ಆಗಬೇಕು, ಫಲಿತಾಂಶ ಎಲ್ಲರಿಗೂ ಕಾಣಬೇಕು ಅನ್ನುವ ಕಾನೂನನ್ನು ನ್ಯೂಯಾರ್ಕ್ ನಗರ 2023ರ ಜುಲೈನಿಂದ ಜಾರಿ ಮಾಡಿತು. ಆಮೇಲೆ ಸಂಶೋಧಕರು 391 ಕಂಪನಿಗಳ ವೆಬ್‌ಸೈಟ್ ಹುಡುಕಿದರೆ ಆಡಿಟ್ ವರದಿ ಸಿಕ್ಕಿದ್ದು 18ರಲ್ಲಿ ಮಾತ್ರ. ಕಾನೂನು ತನಗೆ ಅನ್ವಯಿಸುತ್ತದೋ ಇಲ್ಲವೋ ಅಂತ ತೀರ್ಮಾನಿಸುವ ಅವಕಾಶ ಬಹುಮಟ್ಟಿಗೆ ಕಂಪನಿಯ ಕೈಯಲ್ಲೇ ಇದೆ. "ಕೊನೆಯ ತೀರ್ಮಾನ ಮನುಷ್ಯರದ್ದೇ" ಅಂದುಬಿಟ್ಟರೆ ಜಾರಿಕೊಳ್ಳಬಹುದು. ಯುರೋಪ್ ಇನ್ನಷ್ಟು ಬಿಗಿ. ಕೆಲಸದ ಜಾಗದಲ್ಲಿ ಮುಖ, ದನಿ ನೋಡಿ ಭಾವನೆ ಊಹಿಸುವ ಎಐಯನ್ನು ಚಿಕಿತ್ಸೆ, ಸುರಕ್ಷತೆಯ ಕಾರಣ ಬಿಟ್ಟರೆ 2025ರ ಫೆಬ್ರವರಿಯಿಂದ ಅಲ್ಲಿ ನಿಷೇಧಿಸಿದ್ದಾರೆ.

ಇನ್ನೊಂದು ಗುಂಪು ಇದೆ, ಅವರನ್ನು ಯಾರೂ ಪರಿಣತರು ಅನ್ನುವುದಿಲ್ಲ. 2023ರಲ್ಲಿ ಹಾಲಿವುಡ್‌ನ ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿದರು. ಕಂಪನಿ ತಮ್ಮ ಕೈಗೆ ಕೊಟ್ಟ ಬರಹ ಎಐ ಬರೆದದ್ದಾದರೆ ಅದನ್ನು ಮೊದಲೇ ಹೇಳಬೇಕು ಅನ್ನುವ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಂಡರು. ನನ್ನ ಕೇಳಿದರೆ ಎಷ್ಟೋ ಕಂಪನಿಗಳ "ನೈತಿಕ ಎಐ" ನೀತಿಪತ್ರಗಳಿಗಿಂತ ಆ ಒಂದು ಸಾಲು ಗಟ್ಟಿ. ಮುರಿದರೆ ಕೇಳುವವರಿದ್ದಾರೆ.

ಕಂಪನಿಯ ಒಳಗೇ ಇರುವ ಪರಿಣತರ ಪಾಡು ಬೇರೆ. ಮೇಲೆ ಹೇಳಿದ ಗೆಬ್ರು ಆಮೇಲೆ ಗೂಗಲ್‌ನಲ್ಲಿ ಎಐ ನೈತಿಕತೆಯ ತಂಡವನ್ನು ಜೊತೆಯಾಗಿ ನಡೆಸುತ್ತಿದ್ದರು. 2020ರ ಡಿಸೆಂಬರ್‌ನಲ್ಲಿ ಒಂದು ಸಂಶೋಧನಾ ಲೇಖನದ ಜಗಳದಲ್ಲಿ ಹೊರಗೆ ಬಂದರು. ಅವರು "ತೆಗೆದುಹಾಕಿದರು" ಅಂದರು, ಕಂಪನಿ "ರಾಜೀನಾಮೆ" ಅಂದಿತು. ಹಾಗಾಗಿ ಹುದ್ದೆಯ ಹೆಸರು ಕೇಳಿ ಮರುಳಾಗಬೇಡಿ. "ಇದನ್ನು ನಿಲ್ಲಿಸಿ" ಅನ್ನುವ ಅಧಿಕಾರ ಆ ಮನುಷ್ಯನಿಗೆ ಇದೆಯಾ ಅಂತ ಕೇಳಿ.

ನಮ್ಮಲ್ಲಿ ಕೊನೆಗೆ ಆದದ್ದು ತೀರಾ ಸಣ್ಣ ಕೆಲಸ. ವಾರಕ್ಕೊಮ್ಮೆ ತಳಕ್ಕೆ ಹೋದ ಅರ್ಜಿಗಳಲ್ಲಿ 20ನ್ನು ಕಣ್ಣುಮುಚ್ಚಿ ಎತ್ತಿ, ಇಬ್ಬರು ಕೂತು ಓದುತ್ತಿದ್ದೆವು. ಬೇಜಾರಿನ ಕೆಲಸ, ನಿಜ. ಮೊದಲ ವಾರವೇ ಮೂವರನ್ನು ಸಂದರ್ಶನಕ್ಕೆ ಕರೆದೆವು.

ನಿಮ್ಮ ಎಚ್‌ಆರ್‌ನವರ ಹತ್ತಿರ ಆ ಪರೀಕ್ಷಾ ವರದಿ ಇದ್ದೇ ಇರುತ್ತದೆ. ಕೆಳಗೆ ಸಹಿ ಯಾರದು ನೋಡಿ. ನನ್ನಂಥವನೊಬ್ಬ ಸಿಗುತ್ತಾನೆ. ಎಷ್ಟು ಪುಟ ಓದಿದಿರಿ ಅಂತ ಕೇಳಿ.