ಟಿವಿ ಆರಿಸಿದ ಮೇಲೆ ಮಾಸ್ತರು ಕೇಳಿದ್ದು

ಓದುಗರ ಪತ್ರ

ಸರ್, ನಾನು ಬಿ.ಎಡ್. ಎರಡನೇ ವರ್ಷದಲ್ಲಿದ್ದೇನೆ. ನನ್ನದು ಗಣಿತ. ನಮಗೆ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಅಂತ ಒಂದು ವಿಷಯ ಇದೆ. ಅದಕ್ಕೆ ಸ್ಲೈಡ್ ಮಾಡಿ, ಪ್ರಿಂಟ್ ತೆಗೆದು, ರೆಕಾರ್ಡ್ ಬುಕ್ಕಿಗೆ ಅಂಟಿಸಿದ್ದೇವೆ. ಇಂಟರ್ನ್‌ಶಿಪ್‌ಗೆ ಹೋದ ಹೈಸ್ಕೂಲಿನಲ್ಲಿ ತ್ರಿಭುಜದ ಒಳಕೋನಗಳ ಪಾಠಕ್ಕೆ 22 ಸ್ಲೈಡ್ ತೋರಿಸಿದೆ. ಮಕ್ಕಳು ಗಲಾಟೆ ಮಾಡದೆ ನೋಡಿದರು. ಮರುದಿನ ಕೇಳಿದರೆ ಅರ್ಧ ಕ್ಲಾಸಿಗೆ ಏನೂ ಬರಲಿಲ್ಲ. ಸ್ಮಾರ್ಟ್ ಬೋರ್ಡ್ ಗೊತ್ತಿಲ್ಲದಿದ್ದರೆ ಕೆಲಸ ಸಿಗಲ್ಲ ಅಂತ ಗೆಳತಿಯರು ಹೇಳುತ್ತಾರೆ. ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಸೇರಿಕೊಳ್ಳಲೇ?
– ಒಬ್ಬ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ

ನೋಡಮ್ಮ, ಮರುದಿನ ಹೋಗಿ ಮಕ್ಕಳನ್ನು ಕೇಳಿದಿರಲ್ಲ, ಅದಕ್ಕೆ ಮೊದಲು ನಿಮಗೆ ನಮಸ್ಕಾರ. ಚೆಂದದ ಸ್ಲೈಡ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಮರುದಿನ ಕೇಳಿ, ಬಂದಿಲ್ಲ ಅಂತ ಒಪ್ಪಿಕೊಳ್ಳುವವರು ಕಡಿಮೆ.

1975ರಲ್ಲಿ ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೂರನೇ ಕ್ಲಾಸು. ಆ ವರ್ಷ ಆಗಸ್ಟ್ 1ರಿಂದ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಶುರುವಾಯಿತು. ಸೈಟ್ ಅಂತ ಅದರ ಹೆಸರು. ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ತಂತಿ ಜಾಲರಿಯ ದೊಡ್ಡ ಆಂಟೆನಾ ನೋಡಲಿಕ್ಕೇ ಪಕ್ಕದ ಊರಿನವರು ಬರುತ್ತಿದ್ದರು. ಒಂದು ದಿನ ಕಾಳು ಮೊಳಕೆ ಒಡೆಯುವುದನ್ನು ತೋರಿಸಿದರು. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ಮುಗಿದ ಕೂಡಲೇ ಮಾಸ್ತರು ಟಿವಿ ಆರಿಸಿ, "ಏನ್ರೋ, ಬೇರು ಮೊದಲ ಬಂತೋ, ಎಲಿ ಮೊದಲ ಬಂತೋ?" ಅಂದರು. ಯಾರಿಗೂ ಗೊತ್ತಿರಲಿಲ್ಲ! ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ನೋಡಿದವರು ನಾವು.

ಮರುದಿನ ಎಲ್ಲರೂ ಮನೆಯಿಂದ ಒಂದೊಂದು ಹಿಡಿ ಹೆಸರುಕಾಳು ತಂದೆವು. ಒದ್ದೆ ಬಟ್ಟೆಯಲ್ಲಿ ಕಟ್ಟಿ ಇಟ್ಟೆವು. ಬೇರು ಮೊದಲು ಬಂತು. ಒಂದು ವರ್ಷಕ್ಕೆ ಯೋಜನೆ ಮುಗಿಯಿತು. ಟಿವಿ ಕಪಾಟು ಸೇರಿತು. ಮಾಸ್ತರು ಮಾತ್ರ ನಿವೃತ್ತಿಯಾಗುವ ತನಕ ಪ್ರತಿ ವರ್ಷ ಕಾಳು ನೆನೆಹಾಕಿಸಿದರು.

ನಿಮ್ಮ 22 ಸ್ಲೈಡಿನಲ್ಲಿ ಇರದೇ ಹೋದದ್ದು ಮಾಸ್ತರು ಕೇಳಿದಂಥ ಪ್ರಶ್ನೆ. ಅದನ್ನು ಯಾವ ಕಂಪ್ಯೂಟರ್ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ಹೊಸ ಯಂತ್ರ ಬಂದಾಗಲೆಲ್ಲ ಶಾಲೆಯೇ ಬದಲಾಗುತ್ತದೆ ಅಂತ ಯಾರಾದರೂ ಹೇಳುತ್ತಲೇ ಇರುತ್ತಾರೆ. ಇನ್ನು ಪುಸ್ತಕ ಬೇಕಾಗಲ್ಲ, ಎಲ್ಲವನ್ನೂ ಸಿನಿಮಾದಲ್ಲೇ ಕಲಿಸಬಹುದು ಅಂತ ಥಾಮಸ್ ಎಡಿಸನ್ 1913ರಲ್ಲೇ ಹೇಳಿದ್ದ. ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರ್ ಬಂದವು. 2004ರಲ್ಲಿ ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಮೇಲಕ್ಕೆ ಹೋಯಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಕಳಿಸಿತು. ಈಗ ಸ್ಮಾರ್ಟ್ ಬೋರ್ಡ್. ಇದರಿಂದೆಲ್ಲ ಕಲಿಕೆ ಎಷ್ಟು ಹೆಚ್ಚಿತು ಎನ್ನುವುದಕ್ಕೆ ಗಟ್ಟಿ ಪುರಾವೆ ಕಡಿಮೆ ಅಂತ 2023ರ ಯುನೆಸ್ಕೋ ವರದಿಯೇ ಹೇಳಿದೆ.

ಹಾಗಂತ ಪರದೆ ಬೇಡವೇ ಬೇಡ ಎನ್ನುವುದಿಲ್ಲ. ಜಿಯೋಜೀಬ್ರಾ ಒಳ್ಳೆಯ ತಂತ್ರಾಂಶ, ದುಡ್ಡೂ ಕೊಡಬೇಕಾಗಿಲ್ಲ. ತ್ರಿಭುಜದ ಒಂದು ತುದಿ ಹಿಡಿದು ಎಳೆದರೆ ಕೋನಗಳೆಲ್ಲ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಹಲಗೆಯ ಮೇಲೆ ಇದು ಆಗದು, ಖಂಡಿತ ಕಲಿಯಿರಿ.

ಆದರೆ ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಪ್ರತಿ ಮಗುವಿನ ಕೈಗೂ ಹಳೇ ಪೇಪರ್ ಕೊಡಿ. ಅವರಿಗೆ ಬೇಕಾದ ಹಾಗೆ ತ್ರಿಭುಜ ಕತ್ತರಿಸಲಿ. ಮೂರೂ ಮೂಲೆ ಹರಿದು, ತುದಿಗಳು ಒಂದೇ ಕಡೆ ಸೇರುವಂತೆ ಪಕ್ಕಪಕ್ಕ ಇಡಲಿ. ನೇರ ಗೆರೆ ಬರುತ್ತದೆ. ಪಕ್ಕದವನದು ಬೇರೆಯೇ ತ್ರಿಭುಜ, ಅವನಿಗೂ ನೇರ ಗೆರೆಯೇ. "ಎಲ್ಲರಿಗೂ ಹೀಗೇ ಯಾಕೆ ಬಂತು ಮಿಸ್?" ಅಂತ ಒಬ್ಬರಾದರೂ ಕೇಳುತ್ತಾರೆ. ಪರದೆ ಹಚ್ಚಬೇಕಾದದ್ದು ಆಗ. ಆ ಪ್ರಶ್ನೆ ಏಳುವ ಮೊದಲೇ ಹಚ್ಚಿದರೆ ಅದು ಬರೀ ಬಣ್ಣದ ಬೆಳಕು.

ವಿಷಯ ಬೇರೆ, ಕಲಿಸುವ ಬಗೆ ಬೇರೆ, ತಂತ್ರಜ್ಞಾನ ಬೇರೆ ಅಂತ ಮೂರು ಡಬ್ಬಿ ಮಾಡಿ ಶಿಕ್ಷಕರಿಗೆ ಕಲಿಸಬಾರದು ಎಂದು ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲೇ ವಿವರವಾಗಿ ಬರೆದರು. ಮೂರೂ ಒಂದೇ ಪಾಠದೊಳಗೆ ಬೆರೆಯಬೇಕು ಎನ್ನುವುದು ಅವರ ವಾದ. ಬಿ.ಎಡ್.ನಲ್ಲಿ ಇದನ್ನು ಓದಿಸುತ್ತಾರೆ, ನಿಮಗೂ ಪರೀಕ್ಷೆಯಲ್ಲಿ ಬಂದಿರುತ್ತದೆ, ಅಲ್ವಾ? ಅದನ್ನು ಓದಿಸಿದ ಕಾಲೇಜಿನಲ್ಲೇ ಐಸಿಟಿಗೆ ಬೇರೆ ರೆಕಾರ್ಡು, ಗಣಿತ ಬೋಧನೆಗೆ ಬೇರೆ ರೆಕಾರ್ಡು! ಪರದೆಯ ಮೇಲೆ ನೋಡಬೇಕಾದ ಸ್ಲೈಡನ್ನು ಪ್ರಿಂಟ್ ತೆಗೆದು ಗೋಂದು ಹಚ್ಚಿ ಅಂಟಿಸಿದರೆ ಯಾರು ಏನು ಕಲಿತಂತಾಯಿತು? ಬಿ.ಎಡ್. ಎರಡು ವರ್ಷವಾಗಿದ್ದರಿಂದ 20 ವಾರ ಶಾಲೆಯಲ್ಲಿ ಇರುವ ಅವಕಾಶ ಸಿಕ್ಕಿತು. ಅಷ್ಟೂ ವಾರ ಸಂಜೆ ಕೂತು ರೆಕಾರ್ಡ್ ಬರೆಯುವ ಬಿ.ಎಡ್. ವಿದ್ಯಾರ್ಥಿಗಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ಕಾಲೇಜುಗಳಿಗೆ ಬೈಂಡ್ ಹಾಕಿದ ಪುಸ್ತಕದ ಮೇಲಿರುವ ನಂಬಿಕೆ ಮಕ್ಕಳು ಕೇಳುವ ಪ್ರಶ್ನೆಯ ಮೇಲೆ ಇಲ್ಲ.

ಕೆಲಸ ಸಿಕ್ಕ ಮೇಲೂ ಅಷ್ಟೇ. ನನಗೆ ಗೊತ್ತಿರುವ ಮೇಷ್ಟ್ರುಗಳ ಫೋನು ಪಾಠಕ್ಕಿಂತ ಮಾಹಿತಿ ತುಂಬುವುದಕ್ಕೇ ಜಾಸ್ತಿ ಬಳಕೆಯಾಗುತ್ತದೆ. ಬಿಸಿಯೂಟದ ಲೆಕ್ಕ, ಹಾಜರಾತಿ, ಮಕ್ಕಳ ವಿವರ ತುಂಬುವ ಸರ್ಕಾರಿ ತಂತ್ರಾಂಶ ಎಸ್‌ಎಟಿಎಸ್, ಕಾರ್ಯಕ್ರಮದ ಫೋಟೋ. ತಂತ್ರಜ್ಞಾನದಿಂದ ಮೇಷ್ಟ್ರ ಸಮಯ ಉಳಿಯಬೇಕಿತ್ತು. ಮಕ್ಕಳಿಗೆ ಸಿಗಬೇಕಾದ ಹೊತ್ತನ್ನೂ ಅದೇ ತಿನ್ನುತ್ತಿದೆ.

2020ರ ಕೊರೋನಾ ಕಾಲ ನೆನಪಿದೆಯಾ? ಇರುವ ಒಂದು ಫೋನನ್ನು ಅಪ್ಪ ಕೆಲಸಕ್ಕೆ ಒಯ್ದರೆ ಮಗುವಿಗೆ ಪಾಠವೇ ಇಲ್ಲ. ಆಗಸ್ಟಿನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಮಕ್ಕಳಿದ್ದ ಕಡೆಗೇ ಹೋದರು. ದೇವಸ್ಥಾನದ ಕಟ್ಟೆ, ಅರಳಿಮರದ ನೆರಳು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ. ಯಾವ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾವ ಮನೆಯಲ್ಲಿ ಸಾದಾ ಫೋನು, ಯಾವುದರಲ್ಲಿ ಏನೂ ಇಲ್ಲ ಅಂತ ಮೊದಲು ವಿಚಾರಿಸಿ ಗುಂಪು ಮಾಡಿದ್ದರು. ಶಾಲೆಯಲ್ಲಿ ತಂತ್ರಜ್ಞಾನ ಬಳಸುವ ಬುದ್ಧಿ ಅಂದರೆ ನನ್ನ ಪ್ರಕಾರ ಅದು.

ಆರು ತಿಂಗಳ ಕೋರ್ಸ್ ಬೇಡಮ್ಮ. ಹದಿನೈದು ದಿನ ಕೂತು, ಯಾವ ಫೋನಿನಲ್ಲೂ ಅಕ್ಷರ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಯಿರಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇದೆ, ಬಹಳ ಸುಲಭ. ಯೂನಿಕೋಡ್ ಅಲ್ಲದ ಹಳೇ 'ನುಡಿ' ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಇನ್ನೊಬ್ಬರ ಫೋನಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ. ಯೂನಿಕೋಡ್ ಟೈಪಿಂಗ್ ಬಂದರೆ ನಿಮ್ಮ ಮಕ್ಕಳಿಗೆ ಬೇಕಾದ್ದನ್ನು ಅವರ ಭಾಷೆಯಲ್ಲಿ ನೀವೇ ಮಾಡಿಕೊಳ್ಳುತ್ತೀರಿ. ಸ್ಮಾರ್ಟ್ ಬೋರ್ಡ್ ಒತ್ತುವುದನ್ನು ಕೆಲಸ ಕೊಟ್ಟ ಶಾಲೆಯವರೇ ಒಂದು ಮಧ್ಯಾಹ್ನದಲ್ಲಿ ತೋರಿಸುತ್ತಾರೆ, ಹೆದರಬೇಡಿ.

ಇಂಟರ್ನ್‌ಶಿಪ್ ಇನ್ನೂ ಉಳಿದಿದ್ದರೆ ಅದೇ ಪಾಠವನ್ನು ಪೇಪರ್ ಹರಿಸಿ ಇನ್ನೊಮ್ಮೆ ಮಾಡಿ. ಆಮೇಲೆ ನನಗೆ ಬರೆಯಿರಿ. ಸ್ಲೈಡ್ ಕಳಿಸಬೇಡಿ. ಹಿಂದಿನ ಬೆಂಚಿನವರು ಏನು ಕೇಳಿದರು ಅಂತ ಅವರ ಮಾತಿನಲ್ಲೇ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.