ಏಳನೇ ಪುಟ ಇಟ್ಟುಕೊಂಡು, ಉಳಿದದ್ದು ವಾಪಸ್

ನಮಸ್ಕಾರ,

ನಿಮ್ಮ ಲೇಖನ ಬಂದು ಮೂರು ವಾರವಾಯಿತು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಎರಡು ಸಲ ಓದಿದ್ದೇನೆ. ಈಗಿರುವ ಹಾಗೆ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಇಷ್ಟನ್ನೇ ಒಂದು ಸಾಲಿನಲ್ಲಿ ಬರೆದು ಕೈತೊಳೆದುಕೊಳ್ಳಬಹುದಿತ್ತು. ಎಷ್ಟೋ ಲೇಖನಗಳಿಗೆ ಹಾಗೇ ಮಾಡುತ್ತೇನೆ, ಸುಳ್ಳು ಯಾಕೆ ಹೇಳಲಿ. ನಿಮಗೆ ಇಷ್ಟುದ್ದ ಕಾಗದ ಬರೆಯುತ್ತಿರುವುದು ಏಳನೇ ಪುಟದ ಒಂದು ಪ್ಯಾರಾಕ್ಕಾಗಿ. ಅದರ ಮಾತು ಆಮೇಲೆ. ಮೊದಲು ಬೈಗುಳ ಮುಗಿಸಿಬಿಡೋಣ.

‘ಗುಂಡಿಗೆ ಬಲಿಯಾದ ಅಕ್ಷರ’ ಅಂತ ಹೆಸರಿಟ್ಟಿದ್ದೀರಿ. ಹನ್ನೊಂದು ಪುಟ. 2017ರಲ್ಲಿ ಆದ ಪತ್ರಕರ್ತೆ ಗೌರಿ ಲಂಕೇಶ್ ಅವರ ಕೊಲೆಯನ್ನು ಮುಂದಿಟ್ಟುಕೊಂಡು ಮಾತಿನ ಸ್ವಾತಂತ್ರ್ಯ, ಪತ್ರಿಕೆಗಳ ಪಾಡು, ರಾಜಕೀಯ ಹಿಂಸೆ ಎಲ್ಲವನ್ನೂ ಹೇಳಲು ಹೊರಟಿದ್ದೀರಿ. ಆದರೆ ಗೌರಿ ಬರುವುದೇ ಮೂರನೇ ಪುಟಕ್ಕೆ. ಅಷ್ಟರೊಳಗೆ ‘ನಾಲ್ಕನೇ ಸ್ತಂಭ’ ಐದು ಸಲ, ‘ಕಗ್ಗತ್ತಲು’ ಏಳು ಸಲ ಬಂದು ಹೋಗಿದೆ. ನಡುವೆ ಫ್ರೆಂಚ್ ಲೇಖಕ ವಾಲ್ಟೇರ್ ಬೇರೆ. ನಿನ್ನ ಮಾತು ಒಪ್ಪದಿದ್ದರೂ ಅದನ್ನಾಡುವ ನಿನ್ನ ಹಕ್ಕಿಗೆ ಪ್ರಾಣ ಕೊಡುತ್ತೇನೆ ಅನ್ನುವ ಆ ಮಾತನ್ನು ವಾಲ್ಟೇರ್ ಆಡಿಯೇ ಇಲ್ಲ. ಅವನು ಸತ್ತದ್ದು 1778ರಲ್ಲಿ. ಆ ಸಾಲು ಬರೆದದ್ದು ಅವನ ಬಗ್ಗೆ ಪುಸ್ತಕ ಮಾಡಿದ ಒಬ್ಬ ಇಂಗ್ಲಿಷ್ ಲೇಖಕಿ, 1906ರಲ್ಲಿ. ತೆಗೆದುಬಿಡಿ. ಪತ್ರಿಕಾ ಸ್ವಾತಂತ್ರ್ಯದ ಸೂಚ್ಯಂಕದಲ್ಲಿ 2025ರಲ್ಲಿ ಭಾರತ 180 ದೇಶಗಳ ಪೈಕಿ 151ನೆಯದು ಅಂತ ಬರೆದದ್ದು ಸರಿಯಾಗಿದೆ. ಆದರೆ ಅದಕ್ಕೆ ಒಂದು ಪುಟ ಅಳಬೇಕಾಗಿಲ್ಲ, ಒಂದು ಸಾಲು ಸಾಕು.

ಇವೆಲ್ಲ ಸಣ್ಣವು. ಕತ್ತರಿ ಹಾಕಿದರೆ ಮುಗಿಯಿತು. ಮುಂದಿನದು ಕತ್ತರಿಗೆ ಸಿಗುವಂಥದ್ದಲ್ಲ.

ನಾಲ್ಕನೇ ಪುಟದಲ್ಲಿ ‘ಇವತ್ತಿನವರೆಗೂ ಒಬ್ಬನನ್ನೂ ಹಿಡಿದಿಲ್ಲ’ ಅಂತಿದೆ. ಮುಂದಿನ ಪುಟದಲ್ಲೇ ಒಬ್ಬರ ಹೆಸರು ಹಾಕಿ ‘ಕೊಲೆಗಡುಕ’ ಅಂದಿದ್ದೀರಿ. ಹಿಡಿಯದೇ ಇದ್ದರೆ ಹೆಸರು ಎಲ್ಲಿಂದ ಬಂತು ಮಾರಾಯರೇ? ವಿಶೇಷ ತನಿಖಾ ತಂಡ 2018ರ ನವೆಂಬರಿನಲ್ಲಿ 9,235 ಪುಟಗಳ ಆರೋಪಪಟ್ಟಿ ಕೊಟ್ಟಿತು. ಆರೋಪಿಗಳು 18, ಸಿಕ್ಕಿದವರು 17. ಸಾಕ್ಷಿಗಳ ವಿಚಾರಣೆ ಶುರುವಾದದ್ದು 2022ರ ಜುಲೈಯಲ್ಲಿ. ವಿಚಾರಣೆ ಎಳೆದೂ ಎಳೆದೂ ಒಬ್ಬೊಬ್ಬರಿಗೇ ಜಾಮೀನು ಸಿಗುತ್ತಾ ಹೋಯಿತು. 2024ರ ಅಕ್ಟೋಬರಿನಲ್ಲಿ ಜಾಮೀನಿನ ಮೇಲೆ ಹೊರಬಂದ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ ಸನ್ಮಾನ ಮಾಡಿದರು. ನಿಮ್ಮ ಲೇಖನದಲ್ಲಿ ಈ ಹಾರದ ಸುದ್ದಿಯೇ ಇಲ್ಲ! ಏಳು ಕಗ್ಗತ್ತಲು ಹೇಳಲಾಗದ್ದನ್ನು ಆ ಹೂವಿನ ಹಾರ ಹೇಳುತ್ತಿತ್ತು.

ನಾನಿದನ್ನು ಬರೆಯುವ ಹೊತ್ತಿಗೆ ತೀರ್ಪು ಬಂದಿಲ್ಲ. ಬರುವವರೆಗೆ ಅವರು ಆರೋಪಿಗಳು. ಆ ಪದದ ಬದಲು ಇನ್ನೊಂದು ಹಾಕಿದರೆ ನಮಗೆ ನೋಟಿಸ್ ಬರುತ್ತದೆ, ಅದಿರಲಿ. ನೋಟಿಸಿನ ಭಯಕ್ಕೆ ಹೇಳುತ್ತಿಲ್ಲ. ವಿಚಾರಣೆ ಇಲ್ಲದೆ ಶಿಕ್ಷೆ ತೀರ್ಮಾನ ಮಾಡಿಕೊಂಡವರೇ ಆ ರಾತ್ರಿ ಬೈಕ್ ಹತ್ತಿ ಬಂದದ್ದು. ಅದೇ ಅಭ್ಯಾಸ ನಮಗೆ ಯಾಕೆ?

ಮಹಾರಾಷ್ಟ್ರದ ವಿಚಾರವಾದಿ ನರೇಂದ್ರ ದಾಭೋಲ್ಕರ್ ಅವರ ಕೊಲೆ ಪ್ರಕರಣದಲ್ಲಿ ‘ಎಲ್ಲರೂ ಖುಲಾಸೆ’ ಅನ್ನುವುದೂ ತಪ್ಪು. 2024ರ ಮೇ 10ರಂದು ಪುಣೆಯ ನ್ಯಾಯಾಲಯ ಇಬ್ಬರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, ಮೂವರನ್ನು ಬಿಟ್ಟಿತು. ಕೊಲೆಯಾದದ್ದು 2013ರ ಆಗಸ್ಟ್ 20. ಹತ್ತು ವರ್ಷ ಎಂಟು ತಿಂಗಳು ಹಿಡಿಯಿತು. ಈ ಲೆಕ್ಕವನ್ನು ಹಾಗೇ ಇಡಿ. ‘ನ್ಯಾಯದೇವತೆಯ ಕಣ್ಣಿಗೆ ಬಟ್ಟೆ’ ತಾನಾಗಿ ಉದುರಿಹೋಗುತ್ತದೆ.

ಈ ತಪ್ಪುಗಳು ನನಗೆ ಚುಚ್ಚಿದ್ದಕ್ಕೆ ಇನ್ನೊಂದು ಕಾರಣವಿದೆ. ಗೌರಿ ತಮ್ಮ ‘ಕಂಡ ಹಾಗೆ’ ಅಂಕಣದಲ್ಲಿ ಬರೆದ ಕೊನೆಯ ಸಂಪಾದಕೀಯ ಯಾವುದರ ಬಗ್ಗೆ ಗೊತ್ತಾ? ಸುಳ್ಳು ಸುದ್ದಿಯ ಬಗ್ಗೆ. ಗಣೇಶನ ಹಬ್ಬಕ್ಕೆ ರಾಜ್ಯ ಸರ್ಕಾರ ಇಂಥಿಂಥ ಷರತ್ತು ಹಾಕಿದೆ ಅಂತ ಹಬ್ಬಿಸಿದ ಸುಳ್ಳು ಎಲ್ಲಿ ಹುಟ್ಟಿತು, ಹೇಗೆ ಹರಡಿತು ಅಂತ ಬಿಡಿಸಿ ಬರೆದಿದ್ದರು. ಆ ಸಂಚಿಕೆಯ ಮೇಲಿನ ತಾರೀಖು ಸೆಪ್ಟೆಂಬರ್ 13. ಅವರು ಹೋದದ್ದು ಸೆಪ್ಟೆಂಬರ್ 5. ಅಂಥವರ ಬಗ್ಗೆ ಬರೆಯುವಾಗ ನಾವು ವಾಟ್ಸಾಪಿನಲ್ಲಿ ಬಂದದ್ದನ್ನು ಇಳಿಸಿಕೊಂಡು ಕೂತರೆ ಹೇಗೆ?

ಕೊಲೆಯ ವರ್ಣನೆಯೂ ಹಾಗೇ ಆಗಿದೆ. ‘ಗುಂಡಿನ ಸುರಿಮಳೆ’ ಅಂದಿದ್ದೀರಿ. ಅದು ಸಿನಿಮಾದ ಮಾತು. ರಾತ್ರಿ ಎಂಟರ ಸುಮಾರಿಗೆ ಬಸವನಗುಡಿಯ ಕಚೇರಿಯಿಂದ ರಾಜರಾಜೇಶ್ವರಿ ನಗರದ ಮನೆಗೆ ಬಂದಿದ್ದಾರೆ. ಕಾರಿನಿಂದ ಇಳಿದು ಗೇಟು ತೆಗೆಯುತ್ತಿದ್ದಾರೆ. 55 ವರ್ಷದ ಹೆಂಗಸು, ಒಬ್ಬರೇ. ಹಾರಿದ್ದು ಒಂದು ನಾಡ ಪಿಸ್ತೂಲಿನ ಬೆರಳೆಣಿಕೆಯ ಗುಂಡು. ಇದೇ ಪಿಸ್ತೂಲು ಎರಡು ವರ್ಷದ ಹಿಂದೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರ ಮೇಲೂ ಹಾರಿತ್ತು ಅಂತ ವಿಧಿವಿಜ್ಞಾನ ಪರೀಕ್ಷೆ ಹೇಳಿತು. 2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ. ಬಾಗಿಲು ತಟ್ಟಿದರು. ಮೇಷ್ಟ್ರು ಎದ್ದು ಬಂದರು. ಪುಸ್ತಕ ಕೇಳಲು, ಅನುಮಾನ ಕೇಳಲು ಹುಡುಗರು ಬಾಗಿಲು ತಟ್ಟುವುದು ಆ ಮನೆಗೆ ಹೊಸದೇನಲ್ಲವಲ್ಲ. ಒಂದು ಗೇಟು, ಒಂದು ಬಾಗಿಲು, ಒಂದು ಪಿಸ್ತೂಲು. ನಿಮಗೆ ಇನ್ನೇನು ಬೇಕಿತ್ತು?

ಕಲಬುರ್ಗಿ ಅವರ ವಿಷಯದಲ್ಲಿ ನೀವು ಅರ್ಧ ಸಾಲಿನಲ್ಲಿ ದಾಟಿಹೋದ 1989ಕ್ಕೆ ನಾನಾಗಿದ್ದರೆ ಎರಡು ಪುಟ ಕೊಡುತ್ತಿದ್ದೆ. ಬಸವಣ್ಣನವರ ಮನೆಯವರ ಬಗ್ಗೆ ಅವರು ಬರೆದ ಸಂಶೋಧನೆಗೆ ದೊಡ್ಡ ಗಲಾಟೆಯಾಯಿತು. ಒತ್ತಡ, ಬೆದರಿಕೆ ತಾಳಲಾರದೆ ಬರೆದದ್ದನ್ನು ವಾಪಸ್ ತೆಗೆದುಕೊಂಡರು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆ, ಆದರೆ ಅದು ನನ್ನ ಬೌದ್ಧಿಕ ಆತ್ಮಹತ್ಯೆ ಅಂತ ಅವರೇ ಹೇಳಿಕೊಂಡಿದ್ದರು. ಆಗ ಪಿಸ್ತೂಲು ಇರಲಿಲ್ಲ. ಯಾರ ಮೇಲೂ ಕೊಲೆ ಕೇಸು ಬೀಳಲಿಲ್ಲ. ಆದರೂ ಒಂದು ಬರಹ ಇಲ್ಲವಾಯಿತು. ಆಮೇಲೆ 26 ವರ್ಷ ಅವರು ಬದುಕಿದ್ದರು, ಬರೆದರು ಕೂಡ. ಗುಂಡು ಹಾರಿದಾಗ ಎಲ್ಲರಿಗೂ ಕೇಳಿಸುತ್ತದೆ. 1989ರಲ್ಲಿ ಆದಂಥದ್ದು ನಮ್ಮ ಸುತ್ತ ಎಷ್ಟು ಆಗುತ್ತಿದೆ ಅಂತ ಯಾರು ಲೆಕ್ಕ ಇಡುತ್ತಾರೆ?

ಈಗ ಒಂಬತ್ತನೇ ಪುಟ. ನನಗೆ ನಿಜವಾಗಿ ಸಿಟ್ಟು ಬಂದದ್ದು ಇಲ್ಲಿ. ಎಂಟು ಪುಟ ಸ್ವಾತಂತ್ರ್ಯ ಸ್ವಾತಂತ್ರ್ಯ ಅಂದವರು ಇದ್ದಕ್ಕಿದ್ದ ಹಾಗೆ ‘ಇಂಥವರ ಬಾಯಿಗೆ ಬೀಗ ಜಡಿಯಬೇಕು, ಇಂಥ ಪತ್ರಿಕೆಗಳನ್ನು ಮುಚ್ಚಿಸಬೇಕು’ ಅನ್ನುತ್ತೀರಿ. ಬೀಗದ ಕೈ ಯಾರ ಸೊಂಟದಲ್ಲಿ ಇರಬೇಕು ಅಂತ ಮಾತ್ರ ಹೇಳಿಲ್ಲ.

ಒಂದು ಹಳೇ ಕತೆ ಹೇಳುತ್ತೇನೆ. 1950ರ ಮೇ 26ರಂದು ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಒಂದು ಎಡಪಂಥದ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ನದು. ಮದ್ರಾಸ್ ಸರ್ಕಾರ ಅದು ತನ್ನ ರಾಜ್ಯದೊಳಗೆ ಕಾಲಿಡಬಾರದು ಅಂದಿತ್ತು. ಇನ್ನೊಂದು ಆರೆಸ್ಸೆಸ್ ಬಳಗದ ‘ಆರ್ಗನೈಸರ್’ನದು. ಅಚ್ಚಿಗೆ ಮುಂಚೆ ತಂದು ತೋರಿಸಿ ಅಂತ ದೆಹಲಿಯ ಅಧಿಕಾರಿಗಳು ಅಪ್ಪಣೆ ಮಾಡಿದ್ದರು. ಎರಡೂ ಪತ್ರಿಕೆ ಗೆದ್ದವು. ಒಬ್ಬರ ಮುಖ ಒಬ್ಬರು ನೋಡದವರು, ಒಂದೇ ದಿನ, ಮಾತಿನ ಸ್ವಾತಂತ್ರ್ಯ ಕೊಡುವ, ಸಂವಿಧಾನದ ಒಂದೇ 19ನೇ ವಿಧಿ ಹಿಡಿದುಕೊಂಡು ಗೆದ್ದರು. ಮಾರನೇ ವರ್ಷವೇ ನೆಹರೂ ಸರ್ಕಾರ ಮೊದಲ ತಿದ್ದುಪಡಿ ತಂದು ‘ಸಾರ್ವಜನಿಕ ಸುವ್ಯವಸ್ಥೆ’ಯ ಹೆಸರಿನಲ್ಲೂ ಮಾತಿಗೆ ತಡೆ ಹಾಕಬಹುದು ಅಂತ ಸೇರಿಸಿತು. ಬೀಗ ಮಾಡಿಸಿದವರು ಒಬ್ಬರು. ಆಮೇಲೆ ಕೈ ಯಾರ ಯಾರ ಹತ್ತಿರ ಹೋಯಿತು ಅಂತ ನೀವೇ ನೋಡಿದ್ದೀರಿ.

ನಮ್ಮದೇ ವಿಧಾನಸಭೆಯ ಕತೆ ಕೇಳಿ. 2017ರ ಜೂನಿನಲ್ಲಿ ಹಕ್ಕುಚ್ಯುತಿ, ಅಂದರೆ ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ, ಅಂತ ಹೇಳಿ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಹಾಕಿದರು. ಒಬ್ಬರು ರವಿ ಬೆಳಗೆರೆ. ತಮ್ಮ ಬಗ್ಗೆ ಬಂದ ಬರಹದ ಮೇಲೆ ದೂರು ಕೊಟ್ಟವರೂ ಶಾಸಕರೇ, ಶಿಕ್ಷೆ ಕೊಟ್ಟದ್ದೂ ಶಾಸಕರ ಸಭೆಯೇ. ಆಗ ಇದ್ದದ್ದು ನೀವು ಹತ್ತನೇ ಪುಟದಲ್ಲಿ ಹಾಡಿ ಹೊಗಳಿರುವ ಕಾಂಗ್ರೆಸ್ ಪಕ್ಷದ ಸರ್ಕಾರ. ಗೌರಿ ಕೊಲೆಗೆ ಇನ್ನೂ ಮೂರು ತಿಂಗಳೂ ಇರಲಿಲ್ಲ. ಇದನ್ನು ಬಿಟ್ಟದ್ದು ಮರೆವಿನಿಂದಲೋ, ಬೇಕಂತಲೋ?

1986ರ ಡಿಸೆಂಬರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಭಾನುವಾರದ ಪುರವಣಿಯಲ್ಲಿ ಒಂದು ಸಣ್ಣಕತೆ ಹಾಕಿತು. ಶೀರ್ಷಿಕೆ ಪ್ರವಾದಿಯವರಿಗೆ ಅವಮಾನ ಮಾಡಿದೆ ಅಂತ ಬೆಂಗಳೂರು, ಮೈಸೂರಿನಲ್ಲಿ ಬೆಂಕಿ ಬಿತ್ತು. ಹದಿನೈದಕ್ಕೂ ಹೆಚ್ಚು ಜನ ಸತ್ತರು. 2020ರ ಆಗಸ್ಟ್ 11ರ ರಾತ್ರಿ ಒಂದು ಫೇಸ್‌ಬುಕ್ ಪೋಸ್ಟಿಗೆ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಶಾಸಕರ ಮನೆ ಸುಟ್ಟರು, ಪೊಲೀಸ್ ಠಾಣೆಗೆ ನುಗ್ಗಿದರು, ಗೋಲಿಬಾರಿನಲ್ಲಿ ಮೂವರು ಹೋದರು. ಇವೆರಡೂ ನಿಮ್ಮ ಲೇಖನದಲ್ಲಿಲ್ಲ. ಗೌರಿ ಕೊಲೆಗೂ ಇವಕ್ಕೂ ಸಮ ಅಂತ ನಾನು ತಕ್ಕಡಿ ಹಿಡಿಯುತ್ತಿಲ್ಲ. ಹೊಂಚು ಹಾಕಿ ಒಬ್ಬರನ್ನು ಕೊಲ್ಲುವುದು ಬೇರೆ, ಗುಂಪು ಕೆರಳುವುದು ಬೇರೆ. ಆದರೆ ಮಾತಿಗೆ ಕಲ್ಲು, ಮಾತಿಗೆ ಗುಂಡು ಕೂಡದು ಅನ್ನುವವರು ಕಲ್ಲೆಸೆದವರ ಜಾತಿ ಧರ್ಮ ನೋಡಿ ಪಟ್ಟಿ ಮಾಡಿದರೆ ಓದುಗರು ಕೂಡಲೇ ಹಿಡಿಯುತ್ತಾರೆ. ಅವರು ದಡ್ಡರಲ್ಲ. 1989ರಲ್ಲಿ ಒಂದು ತಮಿಳು ಚಿತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನೋಡಿ: ಗಲಾಟೆಯಾಗುತ್ತದೆ ಅಂತ ಹೆದರಿ ಅಭಿವ್ಯಕ್ತಿಯನ್ನು ತಡೆದರೆ ಅದು ಬೆದರಿಕೆಗೆ ಶರಣಾದಂತೆ. ಬೆದರಿಸುವವರು ಯಾರೇ ಆಗಿರಲಿ.

ನನ್ನ ಮಾತೂ ಹೇಳಿಬಿಡುತ್ತೇನೆ. ಗೌರಿ ಅವರ ಪತ್ರಿಕೆಯ ಭಾಷೆ ನನಗೆ ಎಷ್ಟೋ ಸಲ ಹಿಡಿಸುತ್ತಿರಲಿಲ್ಲ. 2008ರ ಒಂದು ವರದಿಗೆ ಮಾನನಷ್ಟ ಕೇಸು ಬಿದ್ದು, 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತ್ತು. ಜಾಮೀನು ಪಡೆದು ಬಂದು ಮತ್ತೆ ಬರೆದರು. ಮಾನನಷ್ಟಕ್ಕೆ ಜೈಲು ಯಾಕೆ ಅನ್ನುವ ತಕರಾರು ನನಗೆ ಇದೆ. ಆದರೂ ದೂರು ಕೊಟ್ಟವರು ಕೋರ್ಟಿಗೆ ಹೋದರು, ಇವರೂ ಕೋರ್ಟಿನ ಮುಂದೆ ನಿಂತರು. ಪ್ರಜಾಪ್ರಭುತ್ವದಲ್ಲಿ ಜಗಳ ಆಡುವ ಜಾಗ ಅದು. ನೀವು ಈ ಕೇಸನ್ನು ಮುಚ್ಚಿಟ್ಟಿದ್ದೀರಿ. ಗೌರಿಗೆ ಕಳಂಕ ಬರುತ್ತದೆ ಅಂತ ಇರಬೇಕು. ಅವರನ್ನು ಗುಡಿಯಲ್ಲಿ ಕೂರಿಸಬೇಡಿ. ತಪ್ಪು ಮಾಡಬಲ್ಲ, ಕೋರ್ಟು ಅಲೆಯಬಲ್ಲ, ಜಾಹೀರಾತಿಲ್ಲದೆ ವಾರ ವಾರ ಪತ್ರಿಕೆ ತರುವ ಒಬ್ಬ ಸಂಪಾದಕಿ ಅಂತ ಬರೆಯಿರಿ. ಅಂಥವರನ್ನು ಕೊಂದದ್ದು ಇನ್ನೂ ಜಾಸ್ತಿ ನೋಯಿಸುತ್ತದೆ.

ಸರಿ, ಏಳನೇ ಪುಟಕ್ಕೆ ಬರೋಣ.

ನಿಮ್ಮ ಚಿಕ್ಕಪ್ಪನ ಪೇಪರ್ ಅಂಗಡಿ, ಬಸ್ ಸ್ಟ್ಯಾಂಡಿನ ಪಕ್ಕ. ವಾರಪತ್ರಿಕೆಗಳನ್ನೆಲ್ಲ ದಾರಕ್ಕೆ ಕ್ಲಿಪ್ ಹಾಕಿ ನೇತು ಬಿಡುತ್ತಿದ್ದರು. ಕೊಲೆಯಾದ ವಾರ ಗೌರಿ ಅವರ ಪತ್ರಿಕೆ ಮಧ್ಯಾಹ್ನದೊಳಗೆ ಖಾಲಿ. ಮುಂದಿನ ವಾರ ಇಬ್ಬರು ಬಂದು, ಒಂದು ಎಲೆ ಅಡಿಕೆ ಕಟ್ಟು ತಗೊಂಡು, ‘ಇದನ್ನ ಒಳಗೆ ಇಟ್ಕೊಳ್ಳಿ ಅಣ್ಣಾ’ ಅಂದು ಹೋದರು. ‘ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಕ್ಲಿಪ್ ತೆಗೆದರು’ ಅಂತ ಬರೆದಿದ್ದೀರಿ. ಅಷ್ಟೇ ಬರೆದು, ಮರುಸಾಲಿನಲ್ಲಿ ಫ್ಯಾಸಿಸಂಗೆ ಹಾರಿದ್ದೀರಿ.

ಅಲ್ಲಾ, ಕೈಯಲ್ಲಿ ಇದು ಇಟ್ಟುಕೊಂಡು ನೀವು ವಾಲ್ಟೇರ್ ಮನೆಗೆ ಯಾಕೆ ಹೋದಿರಿ?

ಲೇಖನ ಅಲ್ಲಿಂದ ಶುರು ಮಾಡಿ. ಆ ಅಂಗಡಿಯಿಂದ ದೂರ ಹೋಗಬೇಡಿ. ಬಂದವರು ಗೊತ್ತಿದ್ದವರಾ? ಜೋರು ಮಾಡಿದರಾ, ನಗುತ್ತಾ ಹೇಳಿದರಾ? ಎಲೆ ಅಡಿಕೆಗೆ ದುಡ್ಡು ಕೊಟ್ಟರಾ? ಒಳಗಿಟ್ಟ ಪತ್ರಿಕೆಯನ್ನು ಕೇಳಿ ತಗೊಂಡವರು ಎಷ್ಟು ಜನ? ಕ್ಲಿಪ್ ಮತ್ತೆ ಯಾವಾಗಲಾದರೂ ಹಾಕಿದರಾ? ಆಮೇಲೆ ನಿಮ್ಮ ತಾಲೂಕಿನ ಅರೆಕಾಲಿಕ ವರದಿಗಾರರನ್ನೂ ಕಂಡು ಬನ್ನಿ. ಸುದ್ದಿಗೆ ಸಿಗುವ ದುಡ್ಡು ಪೆಟ್ರೋಲಿಗೆ ಸಾಲದು, ಜಾಹೀರಾತು ತಂದರೆ ಕಮಿಷನ್. ಜಾಹೀರಾತು ಕೊಡುವವರೂ ಮರಳು ಲಾರಿ ಓಡಿಸುವವರೂ ಒಬ್ಬರೇ ಆಗಿದ್ದರೆ ಅವರು ಏನು ಬರೆಯುತ್ತಾರೆ, ಏನು ಬಿಡುತ್ತಾರೆ ಅಂತ ಕೇಳಿ. ಬೇಗ ಹೇಳುವುದಿಲ್ಲ. ಎರಡು ಸಲ ಟೀ ಕುಡಿಸಬೇಕು. ನಾನೂ ಒಂದು ಕಾಲಕ್ಕೆ ಅಂಥ ಕೆಲಸ ಮಾಡಿದವನೇ. ರಾತ್ರಿ ಹನ್ನೊಂದಕ್ಕೆ ಬಂದ ಒಂದು ಫೋನಿಗೆ ನಾಲ್ಕು ಸಾಲಿನ ಸುದ್ದಿ ತೆಗೆದಿದ್ದೆ. ಯಾವ ಸುದ್ದಿ ಅಂತ ಇವತ್ತಿಗೂ ನೆನಪಿದೆ, ನಿಮಗೆ ಹೇಳುವುದಿಲ್ಲ.

ಹನ್ನೊಂದು ಪುಟ ಬೇಡ, ಆರು ಸಾಕು. ಪ್ರತಿ ತಾರೀಖಿನ ಪಕ್ಕ ಅದು ಎಲ್ಲಿ ಸಿಕ್ಕಿತು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ ಕಳಿಸಿ, ಅಚ್ಚಿಗಲ್ಲ, ನನಗೆ. ಸಂಭಾವನೆ ನಾವು ಕೊಡುವುದು ಕಮ್ಮಿ, ಮೊದಲೇ ಗೊತ್ತಿರಲಿ. ಮುಂದಿನ ತಿಂಗಳ ಹತ್ತರೊಳಗೆ ಬಂದರೆ ಜಾಗ ಇಡುತ್ತೇನೆ.

ಬರೆಯುವುದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಆ ಪ್ಯಾರಾವನ್ನು ಚಿಕ್ಕಪ್ಪನಿಗೆ ಓದಿ ಹೇಳಿ. ನೀವು ಬೆಂಗಳೂರಿನಲ್ಲಿ ಇರುತ್ತೀರಿ, ನಾನೂ ಇಲ್ಲೇ. ನಾಳೆ ಬೆಳಿಗ್ಗೆ ಐದಕ್ಕೆ ಆ ಅಂಗಡಿಯ ಬಾಗಿಲು ತೆಗೆಯುವವರು ಅವರು. ಊರಿನ ಹೆಸರು ಹಾಕಬೇಡ ಅಂದರೆ ಹಾಕಬೇಡಿ. ಅದು ಬರುವುದೇ ಬೇಡ ಅಂದರೆ ನನಗೊಂದು ಫೋನ್ ಮಾಡಿ, ನನ್ನ ಹತ್ತಿರ ಇರುವ ಈ ಏಳನೇ ಪುಟವನ್ನೂ ವಾಪಸ್ ಕಳಿಸುತ್ತೇನೆ.

ಇತಿ,
ಸಂಪಾದಕ